ಅವ್ವನ ಕೈಗೆ ಎಟಕುವ ತುಳಸಿ

ಎರಡೂ ಕಣ್ಣು ಹೋದ ಮೇಲೆ ನಮ್ಮವ್ವ ಹೊತ್ತನ್ನು ಜೇನುಹುಳದ ಸದ್ದಿನಲ್ಲಿ ತಿಳಿಯುತ್ತಿದ್ದಳು. ಅವಳು ಇರುವುದು ಮಾನ್ವಿಯಲ್ಲಿ, ನನ್ನ ತಮ್ಮನ ಮನೆಯಲ್ಲಿ. ಅಲ್ಲಿ ಹಿತ್ತಲ ಬಾಗಿಲಿಗೆ ಅಂಟಿಕೊಂಡು ಒಂದು ಕಲ್ಲಿನ ಕಟ್ಟೆ ಇದೆ. ಅದರ ಮೇಲೆ ಕೂತು, ಕುಂಬಳದ ಹೂವಿನಲ್ಲಿ ಹುಳ ಗುಂಯ್‌ಗುಟ್ಟಿದರೆ ಬೆಳಗಾಯಿತು ಅನ್ನುತ್ತಿದ್ದಳು. ಹೀರೆ ಹೂವಿಗೆ ಬಂದರೆ ದೀಪ ಹಚ್ಚುವ ಹೊತ್ತಾಯಿತು ಅನ್ನುತ್ತಿದ್ದಳು. ತಮ್ಮನ ಹೆಂಡತಿ ಅಡುಗೆಗೆ ತಡ ಮಾಡಿದ ದಿನ, "ಹುಳ ಉಂಡು ಹೋದ್ವು, ನಿನ್ನ ರೊಟ್ಟಿ ಇನ್ನಾ ತವಾ ಇಳೀಲಿಲ್ಲ" ಎಂದು ಚುಚ್ಚುವುದೂ ಇತ್ತು.

ಹೋದ ವರ್ಷದ ಬೇಸಿಗೆಗೆ ಆ ಸದ್ದು ನಿಂತಿತು. ಕುಂಬಳ ಹೂ ಬಿಡುತ್ತಿತ್ತು, ಕಾಯಿ ಕಚ್ಚದೆ ಉದುರುತ್ತಿತ್ತು. ಊರ ಸುತ್ತ ಹತ್ತಿ, ಮೆಣಸಿನಕಾಯಿ, ಭತ್ತ. ಎಲ್ಲದಕ್ಕೂ ಎಣ್ಣಿ ಹೊಡೆಯುತ್ತಾರೆ. ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ಎಣ್ಣಿ ಅಂತಲೇ ಹೆಸರು. ನನ್ನ ತಮ್ಮನ ಅಂಗಡಿಯೂ ಅದರದ್ದೇ, ಗೊಬ್ಬರ, ಬೀಜ, ಎಣ್ಣಿ. ಹಾಗಾಗಿ ಹುಳ ಎಲ್ಲಿ ಹೋದವು ಎಂದು ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೇಳುತ್ತಿರಲಿಲ್ಲ.

ಅವ್ವ ಮಾತ್ರ ನನ್ನ ಕೈ ಹಿಡಿದುಕೊಂಡು ಹೇಳಿದಳು, "ಹುಳ ಬರವಲ್ಲವು ಬೇ. ಹೊತ್ತು ಹುಟ್ಟೇದೋ ಮುಳುಗೇದೋ ಒಂದೂ ತಿಳೀವಲ್ದು. ಗೋರಿಯಾಗ ಕುಂತಂಗ ಆಗೇದ."

ಇದನ್ನು ಕೇಳಿ ಸುಮ್ಮನಿರುವ ಹೆಂಗಸು ನಾನಲ್ಲ. ರಾಯಚೂರಿನಲ್ಲಿ ನನ್ನದು ಹೊಲಿಗೆ ಅಂಗಡಿ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು ನನ್ನ ಕಸುಬು. ಮುಂದಿನ ಭಾನುವಾರವೇ ಮಾನ್ವಿಯ ಬಸ್ಸು ಹತ್ತಿ ಹೋಗಿ, ಹಿತ್ತಲಿನ ಗೋಡೆಯುದ್ದಕ್ಕೂ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ಆ ಜಾಗಕ್ಕೆ ಬೆಳಗಿನಿಂದ ಸಂಜೆಯವರೆಗೂ ಬಿಸಿಲು. ರಾಯಚೂರು ಜಿಲ್ಲೆಯ ಬಿಸಿಲೆಂದರೆ ಕೇಳಬೇಕೆ, ಒಣಗಲು ಹಾಕಿದ ಸೀರೆ ಮಡಚುವ ಹೊತ್ತಿಗೆ ಹಪ್ಪಳ. ನಲ್ಲಿಯ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗುಲಾಬಿ, ಸೇವಂತಿಗೆ ಎಲ್ಲ ಅಲ್ಲಿ ಬದುಕುವ ಮಾತಲ್ಲ.

ತಮ್ಮ ಬಾಗಿಲಲ್ಲಿ ನಿಂತು ನಕ್ಕ. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವಂತ. ಕುಡಿಯಾಕ ನೀರಿಲ್ಲ, ಹುಳಕ್ಕ ತ್ವಾಟ ಮಾಡ್ತಾಳ ನಮ್ಮಕ್ಕ."

"ನೀ ಕೊಂದಿದ್ದಕ್ಕ ನಾ ಉಣ್ಣಾಕ ಇಡತೀನಿ, ನಿಂಗೇನು" ಅಂದೆ. ಅವನ ಮುಖ ಸಣ್ಣಗಾಯಿತು. ಅವನು ಕೆಟ್ಟವನಲ್ಲ. ಅವ್ವನಿಗೆ ದಿನಾ ತಾನೇ ಕಾಲು ಒತ್ತುವ ಗಂಡುಮಗ ಅವನು.

ನನ್ನ ಲೆಕ್ಕ ಇಷ್ಟು. ಒಮ್ಮೆ ನೆಟ್ಟರೆ ವರ್ಷವರ್ಷ ತಾನಾಗಿ ಚಿಗುರುವ ಗಿಡವೇ ಬೇಕು. ಎತ್ತರದ್ದು ಗೋಡೆಯ ಕಡೆ, ಗಿಡ್ಡದ್ದು ಮುಂದೆ. ಒಂದೇ ಜಾತಿಯನ್ನು ಅಲ್ಲೊಂದು ಇಲ್ಲೊಂದು ಚೆಲ್ಲದೆ ಗುಂಪಾಗಿ ಇಡಬೇಕು, ಹಾರಿ ಬರುವ ಹುಳಕ್ಕೆ ದೂರದಿಂದ ಬಣ್ಣ ಕಾಣಬೇಕು. ಒಂದರ ಹೂ ಮುಗಿಯುವಾಗ ಇನ್ನೊಂದು ಬಿಡಬೇಕು. ಹಿಂದೆ ಆವರಿಕೆ, ಎಕ್ಕೆ, ನಡುವೆ ಗೋರಂಟಿ, ಲಂಟಾನ, ಮುಂದೆ ಕಾಶಿಕಣಗಿಲೆ. ನೆಲದಲ್ಲಿ ತೂತು ಕೊರೆದು ಮನೆ ಮಾಡುವ ಒಂಟಿ ಹುಳಗಳಿಗೆಂದು ಒಂದು ಮೂಲೆಯ ಮಣ್ಣನ್ನು ಬರಿದೇ ಬಿಟ್ಟೆ. ಅಗಲ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರಿಟ್ಟೆ. ಪೂಜೆಗೆಂದು ಒಂದು ಹೂವನ್ನೂ ಕೀಳಕೂಡದು ಎಂದು ತಮ್ಮನ ಹೆಂಡತಿಗೆ ತಾಕೀತು ಮಾಡಿದೆ. "ದೇವ್ರಿಗಿ ಏನ್ ಹೇಳ್ಲಿ ಅಕ್ಕಾರ" ಅಂದಳು. "ನನ್ನ ಹೆಸ್ರು ಹೇಳು" ಅಂದೆ.

ಇನ್ನು ಕಟ್ಟೆಯ ಬಲಗಡೆ, ಅವ್ವ ಕೂತಲ್ಲಿಂದಲೇ ಕೈ ಚಾಚಿದರೆ ಸಿಗುವಂತೆ, ತುಳಸಿ ಮತ್ತು ಕಾಮಕಸ್ತೂರಿಯ ಸಾಲು. ಎರಡರ ಹೂವಿಗೂ ಜೇನುಹುಳ ಮುಗಿಬೀಳುತ್ತವೆ. ಸದ್ದು ಅವಳ ಕಿವಿಯ ಪಕ್ಕದಲ್ಲೇ ಇರಲಿ ಎಂಬುದು ಒಂದು ಆಸೆ. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ನಾಲ್ಕು ತುಳಸಿ ಎಲೆ ಬಾಯಿಗೆ ಹಾಕಿಕೊಳ್ಳುವುದು ಅವಳ ಹಳೆಯ ರೂಢಿ, ಅದಕ್ಕೆ ಯಾರನ್ನೂ ಕರೆಯುವ ಕೆಲಸ ಇರಬಾರದು ಎಂಬುದು ಇನ್ನೊಂದು. ಇಡೀ ಹಿತ್ತಲಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಯೋಚಿಸಿ ಗೆರೆ ಎಳೆದದ್ದು ಆ ಮೂಲೆಗೆ.

ಮೊದಲ ಸಲ ಹಚ್ಚಿದ್ದೆಲ್ಲ ಗೆದ್ದಲಿನ ಪಾಲಾಯಿತು, ನಮ್ಮ ಕಡೆ ಅದಕ್ಕೆ ಒರಲಿ ಅನ್ನುತ್ತಾರೆ. ಬೇರು ತಿಂದು, ಮೇಲೆ ಕಡ್ಡಿ ಮಾತ್ರ ನಿಲ್ಲಿಸಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ತಮ್ಮನ ಎದುರಿಗೆ ಒಣಗಿದ ಗಿಡ ಎಸೆದು, "ಇನ್ನೊಂದ್ಸಲ ಹಚ್ಚತೀನಿ. ಒಂದ್ ಗಿಡ ಸತ್ರೂ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ ನೋಡು" ಅಂದೆ.

"ಆತು ಬಿಡಕ್ಕಾ" ಅಂದ ಅವನು. "ಈ ಸಲ ಸಾಯಂಗಿಲ್ಲ. ಗುಣಿ ನಾ ತಗದಿಡ್ತೀನಿ. ನೀ ಗಿಡ ತಂದು ಊರು, ಅಷ್ಟ."

ಮಳೆ ಹಿಡಿದ ಮೇಲೆ ಅವನ ಬೈಕಿನಲ್ಲೇ ದೇವದುರ್ಗದ ಕಡೆ ಹೋದೆವು. ಅಲ್ಲಿ ಗೂಗಲ್ ಎಂಬ ಹಳ್ಳಿಯ ಹೊಳೆದಂಡೆಯ ದಿಬ್ಬದಲ್ಲಿ ಆವರಿಕೆಯ ಸಸಿ ಬೇಕಾದಷ್ಟು ಎದ್ದಿದ್ದವು. ಮಣ್ಣಿನ ಹೆಂಟೆ ಸಮೇತ ಕಿತ್ತು ಚೀಲದಲ್ಲಿಟ್ಟುಕೊಂಡೆವು. ಅವನು ಸಣ್ಣವನಿದ್ದಾಗಿನ ಹಾಗೆ ಹಾಡು ಗುನುಗುತ್ತಿದ್ದ. ಉಳಿದದ್ದನ್ನು ರಾಯಚೂರಿನ ನರ್ಸರಿಯಿಂದ ತಂದೆ. ಮಾನ್ವಿಗೆ ಹೋದಾಗ ಗುಣಿಗಳೆಲ್ಲ ತಯಾರು, ತಳದಲ್ಲಿ ಗೊಬ್ಬರ ಹಾಕಿ ಮಣ್ಣು ಮುಚ್ಚಿಟ್ಟಿದ್ದ. ನಾನು ಊರಿದೆ, ನೀರು ಬಿಟ್ಟೆ, ಅಷ್ಟೆ.

ಆಮೇಲೆ ಗಿಡಗಳು ಬೆಳೆದ ರೀತಿ ನೋಡಬೇಕಿತ್ತು. ಒಂದೂ ಸಾಯಲಿಲ್ಲ. ಒಂದು ಎಲೆಗೂ ತೂತಿಲ್ಲ. ಎಕ್ಕೆಯ ಎಲೆಯನ್ನು ಕಂಬಳಿಹುಳ ಬಿಡುವುದುಂಟೇ, ಅದನ್ನೂ ಮುಟ್ಟಿರಲಿಲ್ಲ. ಇರುವೆ ಕೂಡ ಸಾಲಿನ ಆಚೆಯಿಂದ ಸುತ್ತಿ ಹೋಗುತ್ತಿತ್ತು. ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ ಎಲ್ಲವೂ ಹೊಚ್ಚ ಹೊಸದು. ಆಗ ಅದನ್ನು ನೋಡಿ ಹೆಮ್ಮೆಪಟ್ಟೆ. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ತುಳಸಿ ತೆನೆ ಬಿಟ್ಟಿತು. ಹುಳ ಬಂದವು. ತಮ್ಮನ ಹೆಂಡತಿ ನನಗೆ ಫೋನು ಹಚ್ಚಿ ಅವ್ವನ ಕೈಗೆ ಕೊಟ್ಟಳು. ಅವ್ವ ಫೋನನ್ನು ಗಿಡದ ಕಡೆ ಹಿಡಿದಳು. ಆ ಗುಂಯ್ ಎನ್ನುವ ಸದ್ದನ್ನು ನಾನು ರಾಯಚೂರಿನಲ್ಲಿ ಮೆಷಿನ್ ನಿಲ್ಲಿಸಿ ಕೇಳಿದೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಸಲ ಹೋದಾಗ ಅವ್ವ ಸೋತಂತೆ ಕಂಡಳು. ಮುಂಜಾನೆ ಹೊಟ್ಟೆ ಹಿಂಡುತ್ತದೆ, ಬಾಯಲ್ಲಿ ನೀರು ಸುರಿಯುತ್ತದೆ, ಕೈ ನಡುಗುತ್ತದೆ, ಬೆವರು. ಮಧ್ಯಾಹ್ನ ಉಣ್ಣುವ ಹೊತ್ತಿಗೆ ಎಲ್ಲ ಸರಿ. ಹಾಗಾಗಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ವಯಸ್ಸು ಅಂದ ತಮ್ಮ. ಪಿತ್ತ ಅಂದೆ ನಾನು. ತಮ್ಮನ ಹೆಂಡತಿ ಕಣ್ಣೆಸರಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಅದೂ ಸಾಲದೆಂದು ಪಾಪ, ಹಿತ್ತಲಿನ ತುಳಸಿಯನ್ನೇ ಕಿತ್ತು, ಶುಂಠಿ ಮೆಣಸು ಜಜ್ಜಿ, ದಿನಾ ಕಷಾಯ ಮಾಡಿ ಕುಡಿಸತೊಡಗಿದಳು. ಹೂವು ಕೀಳಬೇಡ ಅಂದಿದ್ದೆ, ಎಲೆಗೆ ಏನೂ ಅಂದಿರಲಿಲ್ಲ. ಅವ್ವನ ಬೇನೆ ಹೆಚ್ಚಿದಷ್ಟೂ ಕಷಾಯ ಗಟ್ಟಿಯಾಯಿತು.

ಒಂದು ಭಾನುವಾರ ಬೆಳಿಗ್ಗೆ ನಾನು ಕವಿತಾಳದಲ್ಲಿ ಗಿರಾಕಿಯ ಮನೆಗೆ ಮದುವೆಯ ಬಟ್ಟೆ ಮುಟ್ಟಿಸಲು ಹೊರಟವಳು, ದಾರಿಯಲ್ಲಿ ಮಾನ್ವಿಗೆ ಇಳಿದೆ. ಅವ್ವ ಕಟ್ಟೆಯ ಮೇಲೆ ಕುತ್ತಿಗೆ ಓರೆ ಮಾಡಿ ಕೂತಿದ್ದಳು. ಸೆರಗಿನ ತುದಿಯಿಂದ ಮತ್ತೆ ಮತ್ತೆ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ಬಂದೇನು ಬೇ" ಅಂದಳು. "ಹುಳದ ಸದ್ದು ಬ್ಯಾರೆ ಆಗೇದ ನೋಡು. ಮ್ಯಾಲಿಲ್ಲ, ನೆಲದಾಗ ಅದ."

ನಾನು ಬಗ್ಗಿ ನೋಡಿದೆ. ತುಳಸಿಯ ಬುಡದಲ್ಲಿ ಜೇನುಹುಳಗಳು ಅಂಗಾತ ಬಿದ್ದು ಗಿರಗಿರ ತಿರುಗುತ್ತಿದ್ದವು. ಕೆಲವು ಅಲುಗುತ್ತಿರಲಿಲ್ಲ, ನಾಲಗೆ ಹೊರಗೆ ಚಾಚಿತ್ತು. ಎಲೆ ಸರಿಸಿದೆ. ಅಡಿಯಲ್ಲಿ ಸತ್ತ ಹುಳಗಳ ಪದರವೇ ಇತ್ತು, ಹಳೆಯವು ಒಣಗಿ ಹೊಟ್ಟಿನ ಹಾಗೆ ಹಗುರಾಗಿದ್ದವು. ಇಷ್ಟು ದಿನ ಕಣ್ಣಿದ್ದ ನಾವು ಯಾರೂ ಬಗ್ಗಿ ನೋಡಿರಲಿಲ್ಲ.

ಹಿಂದಿನಿಂದ ತಮ್ಮನ ಹೆಂಡತಿ ಬಂದಳು. ಕೈಯಲ್ಲಿ ಹಿತ್ತಾಳೆಯ ಲೋಟ, ಹಬೆಯಾಡುತ್ತಿತ್ತು. "ಅತ್ತಿ, ಬಿಸಿ ಇದ್ದಾಗ ಕುಡೀರಿ. ಇವತ್ತ ಎಲಿ ಜಾಸ್ತಿ ಹಾಕೀನಿ."

ಯಾಕೆ ಎಂದು ಬಾಯಲ್ಲಿ ಹೇಳಲು ಬರುವ ಮುಂಚೆಯೇ ಲೋಟ ಕಸಿದುಕೊಂಡಿದ್ದೆ. ಬಿಸಿ ಕಷಾಯ ನನ್ನ ಮುಂಗೈ ಸುಟ್ಟಿತು. ಹಾಗೇ ತಮ್ಮನ ಅಂಗಡಿಗೆ ಫೋನು ಹಚ್ಚಿದೆ.

"ಗುಣಿಗೆ ಏನ್ ಹಾಕಿದ್ದಿ?"

"ಗೊಬ್ಬರ."

"ಗೊಬ್ಬರದ ಜೋಡಿ ಏನ್ ಹಾಕಿದ್ದಿ ಅಂತ ಕೇಳಾಕತ್ತೀನಿ."

"ಹರಳು ಔಷಧ ಅಕ್ಕಾ, ಕಾಳಿನಂಗ ಇರೋ ಎಣ್ಣಿ. ಒರಲಿ ಹತ್ತಬಾರ್ದಂತ ಒಂದೊಂದ್ ಮುಷ್ಟಿ. ಆಮ್ಯಾಲ ತಿಂಗಳಿಗೊಮ್ಮಿ ಬುಡಕ್ಕ ಹಾಕಿ ನೀರ್ ಬಿಟ್ಟೀನಿ. ನೀ ಒಂದ್ ಗಿಡಾನೂ ಸಾಯಬಾರ್ದು ಅಂದಿದ್ದಿ..."

"ಅವ್ವ ಆ ತುಳಸಿ ತಿಂತಾಳ" ಅಂದೆ.

ಅಂಗಡಿಯಲ್ಲಿ ಯಾರೋ ಗಿರಾಕಿ ಬೀಜದ ದರ ಕೇಳುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು. ಮಣ್ಣಿಗೆ ಹಾಕಿದ್ದು ಬೇರು ಹಿಡಿದು ಎಲೆಗೆ, ಹೂವಿಗೆ, ಜೇನಿಗೆ ಏರುತ್ತದೆ ಎಂದು ಅವನಿಗೆ ಗೊತ್ತು. ದಿನಾ ರೈತರಿಗೆ ಹೇಳಿ ಮಾರುವುದೇ ಅದನ್ನು. ಆ ಗಿಡ ಅವನ ಲೆಕ್ಕದಲ್ಲಿ ಹೂವಿನದ್ದು, ತಿನ್ನುವುದಲ್ಲ. ಅವ್ವ ತಿನ್ನುವ ಹೊತ್ತಿಗೆ ಅವನು ಯಾವತ್ತೂ ಅಂಗಡಿಯಲ್ಲಿರುತ್ತಿದ್ದ.

ಕಾರು ಮಾಡಿಕೊಂಡು ರಾಯಚೂರಿನ ಆಸ್ಪತ್ರೆಗೆ ಒಯ್ಯುವಾಗ ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ಜೊಲ್ಲು ನನ್ನ ಸೀರೆಯನ್ನು ತೋಯಿಸಿತು. ತಮ್ಮ ಮುಂದಿನ ಸೀಟಿನಲ್ಲಿ ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ಇವನನ್ನು ಕೊಂದುಬಿಡಬೇಕು ಅನ್ನಿಸಿತು. ಮರುಗಳಿಗೆಗೆ ಅವನ ಕುತ್ತಿಗೆ ಅದುರುವುದನ್ನು ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದೆ. ಡಾಕ್ಟರು ಏನು ತಿಂದಿದ್ದಾರೆ ಎಂದು ಕೇಳಿದಾಗ, "ನಾನೇ ಹಾಕೀನ್ರಿ" ಎಂದು ಆ ಔಷಧದ ಪೊಟ್ಟಣಕ್ಕೆ ಅಂಟಿಸಿದ್ದ ಚೀಟಿಯನ್ನು ಜೇಬಿನಿಂದ ತೆಗೆದುಕೊಟ್ಟ. ಚೀಟಿ ತಂದದ್ದೇ ಒಳ್ಳೆಯದಾಯಿತು ಅಂದರು ಡಾಕ್ಟರು. ಅವ್ವ ಬದುಕಿದಳು.

ಅವಳು ಮನೆಗೆ ಬರುವ ಮುಂಚೆ ತಮ್ಮ ಹಿತ್ತಲಿನ ಎಲ್ಲ ಸಾಲುಗಳನ್ನೂ ಕಿತ್ತ. ಗಿಡ, ಬೇರು, ಗುಣಿಯ ಮಣ್ಣು ಎಲ್ಲವನ್ನೂ ಗೊಬ್ಬರದ ಖಾಲಿ ಚೀಲಗಳಿಗೆ ತುಂಬಿ ಬಾಯಿ ಹೊಲಿದ. ಆಮೇಲೆ ಅವನ್ನು ಎಲ್ಲಿ ಹಾಕುವುದು ಎಂಬ ಮಾತು ಬಂತು. ಅವ್ವ ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದಳು.

"ನೀರಮಾನ್ವಿ ದಾರಿಯಾಗ ತಗ್ಗು ಅದ, ಅಲ್ಲಿ ಒಗೀತೀನಿ" ಅಂದ.

"ಅಲ್ಲಿ ಕುರಿ ಮೇಯ್ತಾವು" ಅಂದಳು ಅವ್ವ.

"ಹಳ್ಳಕ್ಕ."

"ಹಳ್ಳದ ನೀರು ದನ ಕುಡೀತಾವು."

"ಹೊಲದ ಬದುವಿನ್ಯಾಗ ಹುಗೀತೀನಿ ಬಿಡವ್ವಾ."

"ಯಾರ ಹೊಲದಾಗಪ್ಪಾ?" ಅಂದಳು. ಚೀಲಗಳು ಹಿತ್ತಲ ಗೋಡೆಗೇ ಒರಗಿ ಉಳಿದವು. ಮೇಲೆ ಒಂದು ತಾಡಪತ್ರಿ ಮುಚ್ಚಿದ. ಮರುದಿನ ಅಂಗಡಿಯ ಬಾಗಿಲು ತೆರೆದ, ಅದೇ ಹರಳನ್ನೂ ಮಾರಿದ. ಏನಪ್ಪಾ ಇದು ಎಂದು ಕೇಳಿದರೆ, "ನಾ ಕೊಡದಿದ್ರ ಬಾಜು ಅಂಗಡಿಯಾಗ ಒಯ್ತಾರಕ್ಕಾ" ಅಂದ. ಆ ದಿನದಿಂದ ರಾಯಚೂರಿನ ಸಂತೆಯಲ್ಲಿ ನಾನು ತೂತಿರುವ ಸೊಪ್ಪನ್ನೇ ಹುಡುಕುತ್ತೇನೆ. ಸೊಪ್ಪು ಮಾರುವವಳು ನನ್ನನ್ನು ಮಳ್ಳಿ ಎಂದುಕೊಂಡಿದ್ದಾಳೆ.

ಬಿಸಿಲಿಗೆ ತಾಡಪತ್ರಿ ಹರಿಯಿತು, ಚೀಲಗಳೂ ಪುಡಿಪುಡಿಯಾಗಿ ಬಾಯಿ ಬಿಟ್ಟವು. ಈ ವರ್ಷದ ಮಳೆಗೆ ಆ ಮಣ್ಣಿನಲ್ಲಿ ಯಾರೂ ಬಿತ್ತದ ತುಂಬೆ ಎದ್ದಿತ್ತು. ಹೋದ ವಾರ ನಾನು ಹೋದಾಗ ಬಿಳಿ ಹೂ ಬಿಟ್ಟು ನಿಂತಿತ್ತು. ಅವ್ವ ಕಟ್ಟೆಯ ಮೇಲೆ ನೆಟ್ಟಗೆ ಕೂತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತ್ತು.

"ಬಂದ್ವು ನೋಡು ಬೇ" ಅಂದಳು. "ಯಾರೂ ಕರೀದ ತಾವಾಗೇ ಬಂದ್ವು. ಕೇಳಾಕತ್ತೀ ಇಲ್ಲ?"

ಕೇಳುತ್ತಿತ್ತು. ಎಲ್ಲಿಂದ ಎಂದು ಅವಳಿಗೆ ಕಾಣುವುದಿಲ್ಲ. ವಿಷ ಇನ್ನೂ ಇದೆಯೋ, ಮಳೆಗೆ ಕರಗಿ ಹೋಗಿದೆಯೋ, ನನಗೆ ಗೊತ್ತಿಲ್ಲ. ತಮ್ಮನನ್ನು ಕೇಳಿದ್ದೆ, ಅವನಿಗೂ ಗೊತ್ತಿಲ್ಲ. ನಾನು ಚೀಲಗಳ ಹತ್ತಿರ ಹೋಗಿ, ಸದ್ದಾಗದಂತೆ, ತುಂಬೆಯನ್ನು ಒಂದೊಂದಾಗಿ ಬೇರುಸಹಿತ ಕಿತ್ತೆ. ಹುಳಗಳು ನನ್ನ ಕೈಯ ಸುತ್ತ ಹಾರಾಡಿದವು, ಯಾವುದೂ ಕಚ್ಚಲಿಲ್ಲ. ಕೊನೆಯ ಗಿಡ ಕಿತ್ತ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಸುತ್ತಿ, ಗೋಡೆಯಾಚೆ ಹೋದವು.

ಅವ್ವ ಕುತ್ತಿಗೆ ಓರೆ ಮಾಡಿ ಕಾದಳು.

"ಹೊತ್ತು ಮುಳುಗ್ತೇನು?" ಅಂದಳು.

ಬಿಸಿಲು ನೆತ್ತಿಯ ಮೇಲಿತ್ತು. "ಹ್ಞೂಂ ಯವ್ವಾ, ಮುಳುಗ್ತು" ಅಂದೆ.