ಸೂಜಿಡಬ್ಬಿಯ ಅಯಸ್ಕಾಂತ ಮತ್ತು ಒಂದು ಹಳೇ ಜೀಪು

ನಮ್ಮ ಮನೆಯ ಹೊಲಿಗೆ ಯಂತ್ರದ ಪಕ್ಕದಲ್ಲೊಂದು ಬಿಸ್ಕತ್ತಿನ ಡಬ್ಬಿಯಿದೆ. ಅದರೊಳಗೆ ಬಿಸ್ಕತ್ತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಗುಂಡಿ, ಹುಕ್ಕು, ದಾರದುಂಡೆ, ಎಲ್ಲದರ ತಳದಲ್ಲಿ ಹಳೆಯ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತ. ನೆಲಕ್ಕೆ ಬಿದ್ದ ಸೂಜಿಗಳನ್ನು ನನ್ನ ಹೆಂಡತಿ ವನಜ ಹುಡುಕುವುದಿಲ್ಲ; ಇದನ್ನೊಮ್ಮೆ ನೆಲದ ಮೇಲಾಡಿಸುತ್ತಾಳೆ, ಅವೇ ಬಂದು ಶರಣಾಗುತ್ತವೆ. ಇಂಥ ಸಾಧು ಸಾಮಾನನ್ನು ನಾನು ಕರ್ಚೀಫಿನಲ್ಲಿ ಸುತ್ತಿ, ಜೇಬಿಗಿಳಿಸಿ, ಊರೂರು ಅಲೆದು ಪತ್ತೇದಾರಿಕೆಗೆ ಹಚ್ಚಿದೆನಲ್ಲ, ಅದನ್ನು ನಿಮಗೆ ಹೇಳಬೇಕು.

ನಾನು ಹಿಂದೂಪುರದ ಹುಣಸೆಹಣ್ಣಿನ ವ್ಯಾಪಾರಿ. ನಮ್ಮ ವೃತ್ತಿಯಲ್ಲಿ ಅನುಮಾನವೆಂಬುದು ದುರ್ಗುಣವಲ್ಲ, ಬಂಡವಾಳ. ಮೂಟೆಯ ಬಾಯಲ್ಲಿ ಹೊಂಬಣ್ಣದ ಹೊಸ ಹಣ್ಣು ಕಂಡರೆ ತಳದಲ್ಲಿ ಕಪ್ಪಾದ ಹಳೇ ಹಣ್ಣು, ಬೀಜ, ಕೆಲವೊಮ್ಮೆ ಮರಳೂ ಇರುತ್ತದೆಂದು ಬಲ್ಲ ನಾನು, ಮೊಳಕೈವರೆಗೆ ತೋಳನ್ನು ಮೂಟೆಗಿಳಿಸದೆ ಮಾತೇ ಆಡುವವನಲ್ಲ. ಅಂಗಡಿ ಮುಚ್ಚಿದ ಮೇಲೂ ಈ ಚಾಳಿ ನನ್ನ ಹಿಂದೆಯೇ ಮನೆಗೆ ಬರುತ್ತದೆ. ನೆಂಟರು ಹೊಗಳಿದರೆ ಅವರು ಬಂದ ಕೆಲಸವೇನಿರಬಹುದೆಂದು ಯೋಚಿಸುತ್ತೇನೆ. ನೀವು ನನ್ನನ್ನು ನಂಬಿ ಇಷ್ಟು ದೂರ ಓದಿದಿರಲ್ಲ, ಅದರ ಬಗ್ಗೆಯೂ ನನಗೆ ಸ್ವಲ್ಪ ಗುಮಾನಿಯಿದೆ.

ವನಜಳಿಗೆ ಗುಜರಾತಿನ ಕಛ್‌ಗೆ ಹೋಗುವ ಆಸೆ. ಊರ ಹೆಂಗಸರ ರವಿಕೆಗಳಿಗೆ ಕನ್ನಡಿ ಚೂರು ಕೂರಿಸಿ ಕೂರಿಸಿ, ಆ ಕಸೂತಿ ಹುಟ್ಟಿದ ಹಳ್ಳಿಗಳನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ. ಅದೂ ರೈಲಿನಲ್ಲಲ್ಲ, ನಮ್ಮದೇ ಗಾಡಿಯಲ್ಲಿ, ಡಾಂಬರು ಮುಗಿದ ಮೇಲೂ ಉಪ್ಪಿನ ಬಯಲಿನಂಚಿನ ಮಣ್ಣುದಾರಿ ಹಿಡಿದು, ಸಂಜೆಯಾದಲ್ಲಿ ಅಡುಗೆ ಹೂಡುತ್ತ. ಅದಕ್ಕೆಂದೇ ಡ್ರೈವಿಂಗ್ ಕಲಿತು ಲೈಸೆನ್ಸೂ ಪಡೆದಳು. ನನಗೆ ಸೈಕಲ್ಲು ಬಿಟ್ಟು ಬೇರೇನೂ ಓಡಿಸಲು ಬಾರದು. ಆಗಲಿ ಎಂದೆ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವಂಥ ಹಳೇ ಜೀಪೊಂದನ್ನು ಹುಡುಕತೊಡಗಿದೆ. ಜೇಬಿನಲ್ಲಿ ಆ ಅಯಸ್ಕಾಂತ. ಬಣ್ಣದ ಕೆಳಗೆ ತಗಡಿದ್ದರೆ ಅದು ಅಂಟುತ್ತದೆ; ಗುದ್ದಿಸಿಕೊಂಡ ತಗ್ಗಿಗೆ ಪುಟ್ಟಿ ಮೆತ್ತಿದ್ದರೆ ಜಾರುತ್ತದೆ. ಲೇಪಾಕ್ಷಿಯಲ್ಲಿ ಕಂಡ ಗಾಡಿಗೆ ಅದು ಚೆನ್ನಾಗಿಯೇ ಅಂಟಿತು, ಆದರೆ ಗಾಡಿ ತೀರಾ ತೊಳೆದಂತಿತ್ತು, ಬಿಟ್ಟೆ. ಇನ್ನೊಂದರ ಮಾಲೀಕ ನಾನು ಕೇಳುವ ಮೊದಲೇ ದೇವರಾಣೆ ಹಾಕಿದ, ಅವನನ್ನೂ ಬಿಟ್ಟೆ. ಮೆಕ್ಯಾನಿಕ್ ಪರವಾಗಿಲ್ಲ ಎಂದರೆ ಅವನಿಗೂ ಮಾಲೀಕನಿಗೂ ಏನು ನಂಟೆಂದು ವಿಚಾರಿಸಿದೆ. ಹೀಗೆ ಮೊಸರಲ್ಲಿ ಕಲ್ಲು ಹುಡುಕುತ್ತ ಒಂದು ಚಳಿಗಾಲ ಕಳೆದು ಇನ್ನೊಂದು ಬಂತು.

ಕಲ್ಯಾಣದುರ್ಗದಲ್ಲೊಂದು ಜೀಪಿದೆಯೆಂದು ತಿಳಿದಾಗ ವನಜ ತಾನೂ ಹೊರಟಳು. ಬಸ್ಸಿನಲ್ಲಿ, ಕಿಟಕಿಯಾಚೆಯೇ ನೋಡುತ್ತ, "ಇದೂ ಬ್ಯಾಡ ಅಂದ್ರೆ ಇನ್ಮೇಲೆ ಕಛ್ ಸುದ್ದಿ ಎತ್ತಲ್ಲ ಕಣ್ರೀ. ಲೈಸೆನ್ಸ್ ತಗಂಡೋಗಿ ಆ ಗುಂಡಿ ಡಬ್ಬೀಗ್ ಹಾಕ್ಬುಡ್ತೀನಿ" ಎಂದಳು. ಕೋಪದಲ್ಲಿ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು, ಮೆಲ್ಲಗೆ ಹೇಳಿದಳು. ನನಗೆ ನಿಜಕ್ಕೂ ಭಯವಾಯಿತು.

ಜೀಪಿನ ಮಾಲೀಕ ರುದ್ರಪ್ಪ ಕಾಳುಕಡ್ಡಿಯ ವ್ಯಾಪಾರಿ, ಹಣೆ ತುಂಬ ವಿಭೂತಿ. ಬ್ರಹ್ಮಸಮುದ್ರದ ಕಡೆ ಇದ್ದ ಹೊಲಕ್ಕೆ ಓಡಾಡಲು ಇಟ್ಟುಕೊಂಡ ಗಾಡಿಯಂತೆ. ಹೊಲ ಮಾರಿದ ಮೇಲೆ ನಿಂತಲ್ಲೇ ನಿಂತಿತ್ತು. ಮೂಟೆಯ ತಳ ನೋಡಿ ಅಭ್ಯಾಸವಾದ ನಾನು ಬಿಳಿ ಪಂಚೆಯಲ್ಲೇ ಅಂಗಳದಲ್ಲಿ ಅಂಗಾತ ಮಲಗಿ ಜೀಪಿನಡಿಗೆ ತೂರಿದೆ.

"ಏಮಪ್ಪಾ, ಎಲ್ರೂ ಮೊದ್ಲು ಸೀಟಲ್ ಕುಂತ್ ನೋಡ್ತಾರೆ, ನೀನೇನು ಸೀದಾ ಅಡೀಗೆ ಹೋಗ್ಬುಟ್ಟೆ?" ಎಂದು ರುದ್ರಪ್ಪ ನಕ್ಕರು. ಅಡಿಯಲ್ಲಿ ತುಕ್ಕಿರಲಿಲ್ಲ, ಅದೇ ನನ್ನ ಅನುಮಾನಕ್ಕೆ ನೀರೆರೆಯಿತು. ಎದ್ದು ಅಯಸ್ಕಾಂತ ತೆಗೆದೆ. ಬಾನೆಟ್ಟಿಗೆ ಅಂಟಿತು, ಬಲಬಾಗಿಲಿಗೆ ಅಂಟಿತು. ಎಡಬಾಗಿಲಲ್ಲಿ ಜಾರಿ ಕಲ್ಲುಹಾಸಿನ ಮೇಲೆ ಟಣ್ಣೆಂದು ಬಿತ್ತು.

ಇಲ್ಲೇನಾಗಿತ್ತೆಂದು ಕೇಳಿದೆ. "ಏನೂ ಇಲ್ಲ ಕಣಪ್ಪ" ಎಂದ ರುದ್ರಪ್ಪ, ಹೇಳುತ್ತ ಹೇಳುತ್ತ ಕಳ್ಳನ ಹಾಗೆ ಮನೆಯ ಬಾಗಿಲತ್ತ ನೋಡಿದರು. ಆ ಒಂದು ನೋಟ ಸಾಕಾಯಿತು. ತಿರುವು, ಬ್ರೇಕು, ರಸ್ತೆಯ ಮೇಲೆ ಬಿದ್ದವನು, ಪೊಲೀಸು, ಪಂಚಾಯ್ತಿ, ಎಲ್ಲವನ್ನೂ ಅರೆಗಳಿಗೆಯಲ್ಲಿ ಕಟ್ಟಿಕೊಂಡು, ಹೋಗೋಣ ಎಂದುಬಿಟ್ಟೆ. ವನಜ ಕೈಯಲ್ಲಿ ಹಿಡಿದಿದ್ದ ಲೈಸೆನ್ಸನ್ನು ಬ್ಯಾಗಿಗೆ ಹಾಕಿ ಜಿಪ್ಪೆಳೆದಳು.

ಆಗ ಒಳಗಿನಿಂದ ರುದ್ರಪ್ಪನವರ ಹೆಂಡತಿ ಗೌರಮ್ಮ ಬಂದರು. "ನಿಜ ಹೇಳಕ್ಕೇನ್ರೀ ಬಂತು ನಿಮ್ಗೆ? ನಾನೇ ಕಣಮ್ಮ ಗುದ್ದಿದ್ದು. ಬಂಡಿ ಕಲಿಯಕ್ಕೋಗಿ ನಮ್ ಗೇಟಿನ ಕಂಬಕ್ಕೇ ಕೊಟ್ಬುಟ್ಟೆ. ನಾಲ್ಕ್ ಜನ ನನ್ನ ನೋಡಿ ನಗ್ತಾರೆ ಅಂತ ಈವಯ್ಯ ಸುದ್ದಿಲ್ದಂಗೆ ಅನಂತಪುರಕ್ಕೆ ತಗಂಡೋಗಿ ಮೆತ್ತಿಸ್ಕಂಡ್ ಬಂದ್ರು. ಅವತ್ತಿಂದ ಯಾರ್ ಕೇಳಿದ್ರೂ ಏನೂ ಇಲ್ಲ ಅಂತಾರೆ!"

"ಆಮೇಲೆ ಓಡ್ಸಲಿಲ್ವಾ?" ಎಂದಳು ವನಜ.

"ಯಾಕ್ ಓಡ್ಸಲ್ಲ? ಹೊಲಕ್ಕೆಲ್ಲ ನಾನೇ ಓಡ್ಸ್ಕಂಡ್ ಹೋಯ್ತಿದ್ದೆ. ಈವಯ್ಯಂಗೆ ರಿವರ್ಸೇ ಬರಲ್ಲ."

ನಾನು ಇಷ್ಟಕ್ಕೆ ನಂಬಿದೆನೆಂದುಕೊಂಡಿರಾ? ನೆಟ್ಟಗೆ ಗೇಟಿನ ಬಳಿ ಹೋದೆ. ಕಂಬದ ಮೂಲೆ, ಬಾಗಿಲಿನಷ್ಟೇ ಎತ್ತರದಲ್ಲಿ, ಮುಕ್ಕಾಗಿತ್ತು. ಬೆರಳಾಡಿಸಿದರೆ ಬಿರುಕಿನೊಳಗೆ ಜೀಪಿನದೇ ಹಸಿರು ಬಣ್ಣ. ಹಿಂತಿರುಗಿ ನೋಡಿದಾಗ ರುದ್ರಪ್ಪ ನಾಚಿಕೊಂಡು ಶಲ್ಯದಿಂದ ಸುಮ್ಮನೆ ಬಾನೆಟ್ಟು ಒರೆಸುತ್ತಿದ್ದರು.

ಮುಚ್ಚಿಟ್ಟಿದ್ದೆಲ್ಲ ಮೋಸವೇ ಎಂದು ನಂಬಿ ಬದುಕಿದವನು ನಾನು. ಇನ್ನೊಬ್ಬರ ಮುಖ ಸಣ್ಣದಾಗದಿರಲೆಂದೂ ಮನುಷ್ಯ ಏನಾದರೂ ಮುಚ್ಚಿಡಬಹುದೆಂಬುದು ಯಾವ ಮೂಟೆಯ ತಳದಲ್ಲೂ ನನಗೆ ಸಿಕ್ಕಿರಲಿಲ್ಲ. ಆ ಕಂಬದ ಬಳಿ ನಿಂತಾಗಲೇ ಮೊದಲ ಬಾರಿಗೆ ನನ್ನ ಮೇಲೆಯೇ ನನಗೆ ಅನುಮಾನ ಬಂತು: ಇಷ್ಟು ದಿನ ಒಂದೊಂದೇ ಗಾಡಿಯನ್ನು ತಳ್ಳಿಹಾಕುತ್ತ ಬಂದದ್ದು ಗಾಡಿಯ ದೋಷಕ್ಕೋ, ಇಲ್ಲ, ಗುರುತಿಲ್ಲದ ಸೀಮೆಯಲ್ಲಿ ಹೆಂಡತಿ ಓಡಿಸುವ ಗಾಡಿಯಲ್ಲಿ ಕೈಕಟ್ಟಿ ಕೂರಬೇಕಲ್ಲ ಎಂಬ ಹೆದರಿಕೆಗೋ? ರುದ್ರಪ್ಪ ಹೆಂಡತಿಗಾಗಿ ಪುಟ್ಟಿ ಮೆತ್ತಿಸಿದರು. ನಾನು ನನಗಾಗಿಯೇ ಮೆತ್ತಿಕೊಂಡಿದ್ದೆ.

ಜೀಪು ಕೊಂಡೆವು. ಗೌರಮ್ಮ ಆ ಕಂಬಕ್ಕೆ ಬೆನ್ನು ಕೊಟ್ಟು ನಿಂತು, "ಬಾರಮ್ಮ, ಬಾ" ಎಂದು ಕೈಯಾಡಿಸುತ್ತ ವನಜಳನ್ನು ಗೇಟು ದಾಟಿಸಿದರು. ಹಿಂದೂಪುರದವರೆಗೂ ನಾನು ಎಡಬಾಗಿಲಿನ ಪಕ್ಕದಲ್ಲಿ, ಪುಟ್ಟಿಗೆ ಮೊಳಕೈ ಊರಿ ಕೂತಿದ್ದೆ.

ಬರುವ ವಾರ ಕಛ್‌ಗೆ ಹೊರಡುತ್ತೇವೆ. ಹರಿದ ಬಟ್ಟೆ ಹೊಲಿಯಲು ಬೇಕೆಂದು ವನಜ ಬಿಸ್ಕತ್ತಿನ ಡಬ್ಬಿಯನ್ನೂ ಜೀಪಿನಲ್ಲಿಟ್ಟಿದ್ದಾಳೆ. ಅವಳಿಲ್ಲದಾಗ ಮುಚ್ಚಳ ತೆಗೆದು ತಳದವರೆಗೂ ಕೈಯಾಡಿಸಿದೆ. ಗುಂಡಿಯಿತ್ತು, ದಾರವಿತ್ತು, ಮೈತುಂಬ ಸೂಜಿ ಅಂಟಿಸಿಕೊಂಡ ಅಯಸ್ಕಾಂತವಿತ್ತು. ಲೈಸೆನ್ಸ್ ಇರಲಿಲ್ಲ. ಇನ್ನೊಮ್ಮೆ ನೋಡಿದೆ, ಇರಲಿಲ್ಲ.