ನೆಲ್ಲಿ ಹಾಕಿ ತಿಳಿಯಾದ ಬಾವಿ

ಕುಮಟಾಕ್ಕೂ ಹೊನ್ನಾವರಕ್ಕೂ ನಡುವೆ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಆ ಗುಡ್ಡದ ನೆತ್ತಿಯಲ್ಲಿ ಕಸ ಸುರಿಯಲು ಜಾಗ ಕೊಡಿಸಿದವನು ನನ್ನ ಸ್ವಂತ ಅಣ್ಣ. ಆಗ ಪಂಚಾಯ್ತಿ ಮೆಂಬರ್. ಹುಲ್ಲೂ ಹುಟ್ಟದ ಕಲ್ಲುಗುಡ್ಡ, ಇನ್ನೇನು ಹಾಳಾಗಲಿಕ್ಕಿದೆ ಎಂದು ಭಾಷಣ ಬಿಗಿದಿದ್ದ. ಜನ ಚಪ್ಪಾಳೆ ತಟ್ಟಿದರು. ತಟ್ಟಿದವರ ಮೇಲೂ ನನಗೆ ಮರ್ಯಾದೆಯಿಲ್ಲ. ಆಮೇಲೆ ಅವನು ಹೆದ್ದಾರಿ ಬದಿಗೆ ಬೇರೆ ಮನೆ ಕಟ್ಟಿಕೊಂಡ.

ತೂತುತೂತಾದ ಕೆಂಪು ಚಿರೇಕಲ್ಲಿನ ಗುಡ್ಡವೆಂದರೆ ಜರಡಿ. ಪೇಂಟಿನ ಡಬ್ಬಿ, ಅವಧಿ ಮುಗಿದ ಔಷಧಿ, ಡೈಪರ್, ಪ್ಲಾಸ್ಟಿಕ್ಕು ಎಲ್ಲ ಸೇರಿ ಕೊಳೆತು ಬಿಟ್ಟ ರಸ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಬಾವಿಗಿಳಿಯಿತು. ನೀರು ಚಹಾದ ಬಣ್ಣಕ್ಕೆ ತಿರುಗಿ, ಮೇಲೆ ಎಣ್ಣೆಯ ಪೊರೆ ಕಟ್ಟಿತು.

"ಎಂತ ಆಗುದಿಲ್ಲ, ಕಲ್ಲಿನ ಕೆಂಪು ಅದು," ಎಂದ ಅಣ್ಣ. ಹೆತ್ತ ಮಗನ ಮಾತು, ಆಯಿ ನಂಬಿದಳು.

ಬಾವಿ ನೀರು ಕೆಟ್ಟರೆ ನೆಲ್ಲಿಯ ಕೊಂಬೆ ಕಡಿದು ಒಳಗೆ ಬಿಡುವುದು ನಮ್ಮಲ್ಲಿಯ ರೂಢಿ. ಆಯಿಯೂ ಬಿಟ್ಟಳು. ಕೆಲವು ದಿನಕ್ಕೆ ನೀರು ತಿಳಿಯಾಯಿತು. ಅಣ್ಣ ಬ್ಲೀಚಿಂಗ್ ಪುಡಿ ಹಾಕಿಸಿ ಪರೀಕ್ಷೆಗೂ ಕಳಿಸಿದ. ರೋಗಾಣು ಇಲ್ಲವೆಂದು ಬಂತು. ಅವನು ಪರೀಕ್ಷೆ ಮಾಡಿಸಿದ್ದೇ ರೋಗಾಣುವಿಗೆ ಮಾತ್ರ! ಪೇಂಟು, ಔಷಧಿಯ ಸುದ್ದಿ ಎತ್ತಲು ಅವನಿಗೇನು ಹುಚ್ಚೇ? ಕರಗಿದ ವಿಷಕ್ಕೆ ನೆಲ್ಲಿ ಸಾಲದು ಎಂದು ನಾನು ಬಾಯಿ ಬಡಿದುಕೊಂಡೆ.

"ನೀ ಸುಮ್ನಿರು, ಓದಿದ್ದು ಹೆಚ್ಚಾತು ನಿಂಗೆ," ಎಂದಳು ಆಯಿ.

ಆಗ ತಂಗಿ ಹೆರಿಗೆಗೆ ಬಂದವಳು ಬಾಣಂತಿಯಾಗಿ ಮನೆಯಲ್ಲೇ ಇದ್ದಳು. ಮಗುವಿಗೆ ಹಾಲೂಡುವವಳು ಆ ನೀರು ಕುಡಿಯಬಾರದೆಂದು ನಾನು ಕುಮಟಾದಿಂದ ಕ್ಯಾನಿನಲ್ಲಿ ನೀರು ತರುತ್ತಿದ್ದೆ. ಆದರೆ ನಮ್ಮ ಮನೆಯ ಕ್ರಮದಂತೆ ಬಾಣಂತಿ ಬಾವಿ ಪೂಜೆ ಮಾಡಿ, ತಾನೇ ನೀರು ಸೇದಿ ಕುಡಿದ ಮೇಲೆಯೇ ಒಲೆ ಮುಟ್ಟಬೇಕು. ಅದನ್ನು ತಪ್ಪಿಸಲು ನನ್ನಿಂದಾಗಲಿಲ್ಲ.

ಪೂಜೆಯ ದಿನ ಅಣ್ಣ ಬಿಳಿ ಪಂಚೆಯುಟ್ಟು ಬಂದ. ತಂಗಿ ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ ಕೊಡಪಾನ ಎಳೆದಳು. ನೀರು ಫಳಫಳ ಹೊಳೆಯುತ್ತಿತ್ತು. ಆಯಿ ತಂಬಿಗೆಗೆ ತುಂಬಿಕೊಂಡು, ಹಿರಿಯ ಮಗನೆಂದು ಮೊದಲು ಅಣ್ಣನ ಅಂಗೈಗೆ ಬಿಟ್ಟಳು. ಅವನು ಬೆರಳ ಸಂದಿಯಿಂದ ಅಷ್ಟೂ ನೀರನ್ನು ಸೋರಿಸಿ, ಒಣ ತುಟಿ ಚಪ್ಪರಿಸಿ, ಒದ್ದೆ ಕೈಯನ್ನು ಭಕ್ತಿಯಿಂದ ತಲೆಗೆ ಒರೆಸಿಕೊಂಡ.

ಆಯಿ ಅದನ್ನು ಕಂಡಳು. ತಂಗಿಯತ್ತ ಚಾಚಿದ್ದ ತಂಬಿಗೆಯನ್ನು ಹಿಂದಕ್ಕೆಳೆದು ಅಣ್ಣನ ಮೂತಿಗೆ ಹಿಡಿದಳು.

"ಕುಡಿ."

"ನಂಗೆ ಆಸಿಡಿಟಿ," ಎಂದ ಮಹಾರಾಯ.

ಆಯಿ ತಂಬಿಗೆಯನ್ನು ಅವನ ಕಾಲ ಮೇಲೆ ಬೋರಲು ಹಾಕಿ, ಕ್ಯಾನು ತರಲು ನನಗೆ ಹೇಳಿದಳು.