ಸಮುದ್ರದ ಪುಸ್ತಕದ ಆ ಪುಟ

ಕಾಸರಕೋಡದ ಗ್ರಂಥಾಲಯಕ್ಕೆ ಮಕ್ಕಳ ಪುಸ್ತಕ ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಹಟಕ್ಕೆ ಬಿದ್ದು ನೀತಿಕಥೆಗಳನ್ನು ಬದಿಗಿಟ್ಟೆ. ಮಾತಾಡುವ ನರಿ, ಬುದ್ಧಿ ಹೇಳುವ ಆಮೆ ಎಲ್ಲ ಸಾಕಾಗಿತ್ತು ನನಗೆ. ಬಾವಲಿ ಯಾಕೆ ತಲೆಕೆಳಗಾಗಿ ಜೋತುಬೀಳುತ್ತದೆ, ಜ್ವರ ಬಂದಾಗ ಮೈಯೊಳಗೆ ಏನಾಗುತ್ತದೆ, ಇಂಥವನ್ನು ಹೇಳುವ ಪುಸ್ತಕಗಳನ್ನೇ ತರಿಸಿದೆ. "ಕಥೆ ಸುಳ್ಳು ಹೇಳಬಹುದು, ಇವು ಹೇಳುವುದಿಲ್ಲ" ಎಂದು ಮಕ್ಕಳೆದುರು ಜಂಬ ಬೇರೆ. ಪಾಲಕರು ಬಂದು ಪರೀಕ್ಷೆಯ ಗೈಡ್ ಇದೆಯಾ ಎಂದು ಕೇಳಿದರೆ ಮೈ ಉರಿಯುತ್ತಿತ್ತು.

ಏಳನೇ ಕ್ಲಾಸಿನ ಒಬ್ಬ ಹುಡುಗಿಗೆ ನನ್ನ ಹುಚ್ಚು ಸರಿಯಾಗಿ ಅಂಟಿತ್ತು. ಶಾಲೆ ಬಿಟ್ಟೊಡನೆ ಬಂದು ತಲೆ ತಿನ್ನುವಳು. ಮೀನು ನಿದ್ದೆ ಮಾಡುತ್ತದಾ? ಏಡಿಗೆ ನೋವಾಗುತ್ತದಾ? ಅವಳ ಅಪ್ಪ ಬೋಟಿನಲ್ಲಿ ಮೀನು ಹಿಡಿಯಲು ಹೋಗುವವನು. ಓದಿದ್ದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಅವನಿಗೇ ಪಾಠ ಮಾಡುತ್ತಿದ್ದಳಂತೆ.

ಮಳೆಗಾಲ ಇನ್ನೂ ಪೂರ್ತಿ ಹಿಂದೆ ಸರಿದಿರಲಿಲ್ಲ, ಗಾಳಿಗೆ ಸಿಕ್ಕಿ ಆ ಬೋಟು ಮುಳುಗಿತು. ಜೊತೆಯವರನ್ನು ಬೇರೆ ಬೋಟಿನವರು ಎತ್ತಿಕೊಂಡರು, ಅವನು ಮಾತ್ರ ಸಿಗಲಿಲ್ಲ. ಖಾಲಿ ಕ್ಯಾನೊಂದನ್ನು ತಬ್ಬಿಕೊಂಡು ತೇಲುತ್ತಿದ್ದ ಎಂದು ಉಳಿದು ಬಂದವನೊಬ್ಬ ಹೇಳಿದ. ನೆಂಟರು ಭಟ್ಕಳದವರೆಗೂ ದಂಡೆ ಹಿಡಿದು ಹುಡುಕಿ ಬರಿಗೈಯಲ್ಲಿ ಬಂದರು. ಆದರೆ ಕ್ಯಾನಿನ ಮಾತು ಹೆಂಡತಿಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಈಜು ಬಲ್ಲವರು, ಕೈಯಲ್ಲಿ ಕ್ಯಾನ್ ಉಂಟು, ತೇಲುತ್ತಲೇ ಇರುತ್ತಾರೆ, ಯಾರದಾದರೂ ಕಣ್ಣಿಗೆ ಬಿದ್ದೇ ಬೀಳುತ್ತಾರೆ ಎಂದು ಹೇಳಿಕೊಂಡು ಬಂದಳು. ವಾರಗಳು ಕಳೆದರೂ ಬಳೆ ತೆಗೆಯಲು ಒಪ್ಪಲಿಲ್ಲ.

ಚೌತಿ ಕಳೆದ ಮೇಲೆ ಹುಡುಗಿ ಬಂದಳು. ಸಮುದ್ರದ ಪುಸ್ತಕ ತೆಗೆದುಕೊಂಡು ನೆಲದ ಮೇಲೆ ಕೂತಳು. ಎಷ್ಟು ಹೊತ್ತಾದರೂ ಪುಟ ತಿರುಗಲಿಲ್ಲ. ಚಿತ್ರ ನೋಡಿ ದೂರದಿಂದಲೇ ನನಗೆ ಯಾವ ಪುಟವೆಂದು ಗೊತ್ತಾಯಿತು. ಉಪ್ಪುನೀರು ಕುಡಿದರೆ ಬಾಯಾರಿಕೆ ಯಾಕೆ ಹೆಚ್ಚುತ್ತದೆ, ಕುಡಿಯುವ ನೀರಿಲ್ಲದೆ ಸಮುದ್ರದಲ್ಲಿ ಮನುಷ್ಯ ಎಷ್ಟು ದಿನ ಬದುಕಬಲ್ಲ ಎಂದು ಅಲ್ಲಿ ಬರೆದಿತ್ತು.

"ಅಕ್ಕೋರೇ, ಇದ್ರಲ್ಲಿ ಬರ್ದದ್ದು ತಪ್ಪಾಗೂದು ಉಂಟಾ?"

"ಹೊಸದೇನಾದರೂ ಗೊತ್ತಾದರೆ ಮುಂದಿನ ಸಲ ಅಚ್ಚು ಹಾಕುವಾಗ ತಿದ್ದುತ್ತಾರೆ."

"ಇದನ್ನ ತಿದ್ದಿದ್ದಾರಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. "ಇಲ್ಲ" ಎಂದೆ.

"ಆತು" ಎಂದು ಪುಸ್ತಕವನ್ನು ಕಪಾಟಿನಲ್ಲಿಟ್ಟು ಹೋದಳು.

ಮತ್ತೆ ಅವಳು ಗ್ರಂಥಾಲಯದ ಕಡೆ ತಲೆ ಹಾಕಲಿಲ್ಲ. ಸಂಜೆ ನಾನು ಕುಮಟೆಯ ಬಸ್ಸಿಗೆ ಕಾಯುವಾಗ ತಾಯಿ ಮಗಳು ಬಂದರಿನಲ್ಲಿ ಬೋಟು ನಿಲ್ಲುವ ದಕ್ಕೆಗೆ ಹೋಗುವುದು ಕಾಣುತ್ತಿತ್ತು, ಬೋಟುಗಳು ತಿರುಗಿ ಬರುವ ಹೊತ್ತಿಗೆ ಸರಿಯಾಗಿ. ಹುಡುಗಿಯೇ ಮುಂದೆ ಮುಂದೆ. ಓದಿದ್ದನ್ನು ನಂಬಲಿಲ್ಲವಲ್ಲ, ಸದ್ಯ, ಎಂದುಕೊಳ್ಳುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ತಾಯಿ ಒಬ್ಬಳೇ ಬಂದಳು. ಬಾಗಿಲಲ್ಲೇ ನಿಂತು, "ಮಗಳು ನಿದ್ದೆಯಲ್ಲಿ ಕನವರಿಸ್ತದೆ ಅಕ್ಕೋರೇ. ಸಮುದ್ರದ ಪುಸ್ತಕ, ತಿದ್ಲಿಲ್ಲ, ತಿದ್ಲಿಲ್ಲ ಅಂತದೆ. ಅದ್ರಲ್ಲಿ ಎಂತ ಉಂಟು? ನಂಗೆ ಓದೂಕೆ ಬರೂದಿಲ್ಲ" ಎಂದಳು.

ನಾನು ತಿಮಿಂಗಿಲದ ಪುಟ ತೆರೆದು ಎರಡು ಸಾಲು ಓದಿದೆ. ಅವಳು ಬಂದು ಎದುರಿಗೆ ಕೂತಳು. "ಇದಲ್ಲ. ಮಗಳು ಓದಿದ್ದು ಓದಿ."

ಓದಿದೆ. ಅವಳ ಮನೆಮಾತಾದ ಕೊಂಕಣಿಯಲ್ಲೇ ಒಂದೊಂದು ವಾಕ್ಯವನ್ನೂ ಬಿಡಿಸಿ ಹೇಳಿದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ಒಂದು ಪುಟ ಓದಿದ್ದಿಲ್ಲ. ಅವಳು ಅಳಲಿಲ್ಲ. ಬಳೆಗಳನ್ನು ಮೊಣಕೈಯವರೆಗೆ ಸರಿಸುತ್ತ, ಇಳಿಸುತ್ತ ಕೂತಿದ್ದಳು.

"ಇದನ್ನ ಅದು ಯಾವಾಗ ಓದಿದ್ದು?"

"ಚೌತಿ ಆದ ಮೇಲೆ."

"ಹಾಗಾದ್ರೆ ಅದಕ್ಕೆ ಆವಾಗ್ಲೇ ಗೊತ್ತಿತ್ತು" ಎಂದಳು. "ಆದ್ರೂ ದಿನಾ ಸಂಜೆ ಬಂದು, ಆಯಿ ಏಳು, ದಕ್ಕೆಗೆ ಹೋಗ್ವ, ಇವತ್ತು ಅಪ್ಪ ಬರೂದು ಗ್ಯಾರಂಟಿ ಅಂತ ನನ್ನ ಕೈ ಹಿಡ್ದು ಎಬ್ಬಿಸ್ತಿತ್ತು."